ಸಹಾಯ ಬೇಕು: ಫೈರ್‌ವಾಲ್ ಹಾಕಿದರೆ ಎನ್‌ಎಫ್‌ಎಸ್ ಲಾಕ್ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಲಿನಕ್ಸ್ ಸರ್ವರ್‌ನಿಂದ ಒಂದು ಫೋಲ್ಡರನ್ನು ಎನ್‌ಎಫ್‌ಎಸ್‌ನಲ್ಲಿ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ವ್ಯವಸ್ಥೆ) ಹಂಚಿದ್ದೇನೆ. ಆವೃತ್ತಿ 4 ಆಗಿದ್ದರೆ ಫೈರ್‌ವಾಲ್‌ನಲ್ಲಿ ಟಿಸಿಪಿ ಪೋರ್ಟ್ 2049 ಒಂದನ್ನೇ ತೆರೆದರೆ ಮುಗೀತು, ಆದರೆ ನನ್ನ ಹಳೆಯ ಯಂತ್ರಗಳಿಗೆ ಆವೃತ್ತಿ 3 ಬಿಟ್ಟು ಬೇರೆ ಗೊತ್ತಿಲ್ಲ, ಹಾಗಾಗಿ ಅದನ್ನೇ ಬಳಸಬೇಕು.

ಮೊದಲು 111 (ಯಾವ ಸೇವೆ ಯಾವ ಪೋರ್ಟ್‌ನಲ್ಲಿದೆ ಎಂದು ಹೇಳುವ ಪೋರ್ಟ್‌ಮ್ಯಾಪರ್‌ನದು) ಮತ್ತು 2049 ತೆರೆದೆ. ಮೌಂಟ್ ಆಗಲಿಲ್ಲ, ಅಂದರೆ ಫೋಲ್ಡರ್ ಆ ಯಂತ್ರಗಳಿಗೆ ಜೋಡಣೆಯಾಗಲಿಲ್ಲ. ಸೇವೆ ಮರುಶುರುವಾದಾಗಲೆಲ್ಲ ಮೌಂಟ್‌ಡಿ (ಮೌಂಟ್ ಕೋರಿಕೆ ನೋಡಿಕೊಳ್ಳುವ ಸೇವೆ) ಹೊಸ ಪೋರ್ಟ್ ಹಿಡಿಯುತ್ತಿತ್ತು. ಅದನ್ನು 20048ಕ್ಕೆ, ಸ್ಟ್ಯಾಟ್‌ಡಿಯನ್ನು (ಯಂತ್ರ ಮರುಶುರುವಾದರೆ ಲಾಕ್‌ಗಳಿಗಾಗಿ ಸುದ್ದಿ ಮುಟ್ಟಿಸುವ ಸೇವೆ) 662ಕ್ಕೆ, ಲಾಕ್‌ಡಿಯನ್ನು (ಫೈಲ್ ಲಾಕ್ ನೋಡಿಕೊಳ್ಳುವ ಸೇವೆ) ಟಿಸಿಪಿ 32803 ಮತ್ತು ಯುಡಿಪಿ 32769ಕ್ಕೆ ಕಟ್ಟಿಹಾಕಿ, ಎಲ್ಲವನ್ನೂ ಸರ್ವರ್‌ನ ಫೈರ್‌ವಾಲ್‌ನಲ್ಲಿ ತೆರೆದೆ. ಸೇವೆಗಳ ಪೋರ್ಟ್ ಪಟ್ಟಿ ಕೊಡುವ ಆರ್‌ಪಿಸಿಇನ್ಫೋ ಆದೇಶ ಕೂಡ ಇದೇ ಪೋರ್ಟ್‌ಗಳನ್ನು ತೋರಿಸುತ್ತಿದೆ. ಈಗ ಮೌಂಟ್ ಆಗುತ್ತೆ, ಓದುವುದು ಬರೆಯುವುದು ಎಲ್ಲ ಸರಿ.

ತೊಂದರೆ ಇರುವುದು ಲಾಕ್‌ನಲ್ಲಿ. ಒಂದು ಯಂತ್ರ ಫೈಲ್ ಲಾಕ್ ಮಾಡಿದಾಗ ಇನ್ನೊಂದು ಅದಕ್ಕಾಗಿ ಕಾಯುತ್ತದೆ, ಅದು ಸರಿಯೇ, ಆದರೆ ಮೊದಲನೆಯದು ಲಾಕ್ ಬಿಟ್ಟ ಮೇಲೂ ಎರಡನೆಯದು ಸುಮ್ನೆ ಕಾಯ್ತಾ ಕೂರುತ್ತದೆ. ಎಲ್ಲ ಕಡೆ ಫೈರ್‌ವಾಲ್ ಆಫ್ ಮಾಡಿದರೆ ತಕ್ಷಣ ಸಿಗುತ್ತೆ. ಮೌಂಟ್ ಮಾಡುವಾಗ ನೋಲಾಕ್ ಆಯ್ಕೆ ಹಾಕಿದರೆ ನಿಲ್ಲುವುದಿಲ್ಲ ನಿಜ, ಆದರೆ ಆಗ ಲಾಕ್ ಆಯಾ ಯಂತ್ರದೊಳಗೆ ಮಾತ್ರ ಇರುತ್ತೆ ಅಲ್ವಾ? ಒಂದೇ ಫೈಲಿಗೆ ಇಬ್ಬರು ಬರೆದರೆ ಡೇಟಾ ಹಾಳಾಗುತ್ತೆ. ಅದು ನನಗೆ ಬೇಡವೇ ಬೇಡ.

ಲಾಕ್ ಸಿಕ್ಕಿತು ಅಂತ ತಿಳಿಸಲು ಸರ್ವರ್ ತಾನೇ ಕ್ಲೈಂಟ್‌ಗೆ ಹೊಸ ಸಂಪರ್ಕ ಮಾಡುತ್ತದೆಯೇ? ಹಾಗಿದ್ದರೆ ಕ್ಲೈಂಟ್‌ಗಳಲ್ಲೂ ಲಾಕ್‌ಡಿ, ಸ್ಟ್ಯಾಟ್‌ಡಿ ಪೋರ್ಟ್‌ಗಳನ್ನು ಕಟ್ಟಿ, 111ರ ಜೊತೆ ಸರ್ವರ್‌ನ ಐಪಿಗೆ ಮಾತ್ರ ತೆರೆದರೆ ಸಾಕೇ, ಇಲ್ಲಾ ಇನ್ನೂ ಯಾವುದಾದರೂ ಪೋರ್ಟ್ ಬೇಕೇ?