ಅಪ್‌ಡೇಟ್: ಗಾಲ್ಫ್ ಕಾರ್ಟ್ ಟೈರ್ ಲೀಕ್, ಕಾರಣ ರಿಮ್ ತುಕ್ಕು

ನನ್ನ ಗಾಲ್ಫ್ ಕಾರ್ಟ್‌ನ ಎಡಗಡೆಯ ಹಿಂದಿನ ಟೈರ್‌ನ ಗಾಳಿ ವಾರದೊಳಗೆ ತಗ್ಗುತ್ತೆ, ಮೊಳೆ ಚುಚ್ಚಿದ ಗುರುತಿಲ್ಲ, ಏನು ಮಾಡಲಿ ಅಂತ ಇಲ್ಲಿ ಮೊದಲು ಕೇಳಿದ್ದೆ. ಸೀಲಂಟ್ (ಒಳಗಿಂದ ತೂತು ಮುಚ್ಚೋ ದ್ರವ) ಸುರೀರಿ, ಇಲ್ಲಾ ಟ್ಯೂಬ್ ಹಾಕ್ಸಿ ಅಂದಿದ್ರಿ. ಎರಡೂ ಬೇಕಾಗಲಿಲ್ಲ. ಸೀಲಂಟ್ ಟ್ರೆಡ್‌ನ (ನೆಲಕ್ಕೆ ತಾಗೋ ಭಾಗದ) ತೂತಿಗೆ ಸರಿ, ರಿಮ್ ಅಂಚಿನ ಲೀಕ್‌ಗೆ ನೆಚ್ಚಿಕೊಳ್ಳೋ ಹಾಗಿಲ್ಲ.

ಟೈರ್ 18×8.50-8, ಟ್ಯೂಬ್‌ಲೆಸ್. ಚಕ್ರ ಬಿಚ್ಚಿ, 20 ಪಿಎಸ್‌ಐ ತುಂಬಿ, ಪಾತ್ರೆ ತೊಳೆಯೋ ಲಿಕ್ವಿಡ್ ಬೆರೆಸಿದ ನೀರು ಬಳಿದೆ. ವಾಲ್ವ್ ಬಾಯಲ್ಲಿ ಗುಳ್ಳೆ ಇಲ್ಲ, ಬುಡ ಬಗ್ಗಿಸಿದರೂ ಇಲ್ಲ. ಒಳಬದಿಯ ಬೀಡ್ (ರಿಮ್‌ಗೆ ಕಚ್ಚಿ ಕೂರೋ ಟೈರ್‌ನ ದಪ್ಪ ಅಂಚು) ಹತ್ತಿರ ಮಾತ್ರ ಸಾಸಿವೆ ಗಾತ್ರದ ನೊರೆ ಮೆಲ್ಲಗೆ ಎದ್ದಿತು. ಒಂದೆರಡು ನಿಮಿಷ ಕಾಯದಿದ್ದರೆ ಇದು ಕಾಣೋದೇ ಇಲ್ಲ.

ವಾಲ್ವ್ ಒಳಗೆ ಗಾಳಿ ತಡೆಯೋ ಪುಟ್ಟ ಕೋರ್ ತೆಗೆದು ಪೂರ್ತಿ ಗಾಳಿ ಬಿಟ್ಟು ಬೀಡ್ ಬಿಡಿಸಿದರೆ, ಸ್ಟೀಲ್ ರಿಮ್‌ನ ಪೇಂಟ್ ಎದ್ದು ತುಕ್ಕು ಹಕ್ಕಳೆಗಟ್ಟಿತ್ತು. ವೈರ್ ಬ್ರಶ್, 120 ನಂಬರ್ ಎಮರಿ ಪೇಪರ್, ಥಿನ್ನರ್ ಒರೆಸಿ ತೆಳ್ಳಗೆ ಪ್ರೈಮರ್. ಪ್ರೈಮರ್ ಹಸಿಯಿದ್ದರೆ ರಬ್ಬರ್‌ಗೆ ಅಂಟಿ ಸಿಪ್ಪೆ ಏಳುತ್ತೆ, ಚೆನ್ನಾಗಿ ಒಣಗಲಿ. ಟೈರ್ ಕಡೆಯ ತುಕ್ಕಿನ ಪುಡಿಯನ್ನೂ ಒರೆಸಿ, ಬೀಡ್ ಸೀಲರ್ (ಅಂಚಲ್ಲಿ ಗಾಳಿ ಸೋರದ ಹಾಗೆ ಬಳಿಯೋ ದ್ರವ) ಒಂದು ಕೈ ಬಳಿಯಿರಿ. ಟೈರ್ ಹೇಗೂ ಬಿಚ್ಚಿರುತ್ತೆ, ರಬ್ಬರ್ ವಾಲ್ವ್ ಹೊಸದೇ ಹಾಕಿ.

ಬೀಡ್‌ನ ಮತ್ತೆ ರಿಮ್‌ಗೆ ಕೂರಿಸೋದೇ ತಲೆನೋವು. ಸೈಡ್‌ವಾಲ್ (ಟೈರ್‌ನ ಪಕ್ಕದ ಭಾಗ) ಒಳಕ್ಕೆ ಕುಸಿದಿರುತ್ತೆ, ಕಾಲ್ಪಂಪ್‌ನ ಗಾಳಿ ಅಷ್ಟೂ ಆಚೆ ಹೋಗುತ್ತೆ. ಟ್ರೆಡ್ ಸುತ್ತ ರ್‍ಯಾಚೆಟ್ ಬೆಲ್ಟ್ ಬಿಗಿದು, ಕೋರ್ ಹಾಕದೆಯೇ ಕಂಪ್ರೆಸರ್ ಗಾಳಿ ಕೊಡಿ. ಬೀಡ್ ಹಿಡಿದ ತಕ್ಷಣ ಬೆಲ್ಟ್ ಸಡಿಲಿಸಿ, ಟೈರ್ ಮೇಲೆ ಬರೆದಿರೋ ಗರಿಷ್ಠ ಒತ್ತಡ ದಾಟಿಸಬೇಡಿ. ಪೆಟ್ರೋಲ್ ಚಿಮುಕಿಸಿ ಬೆಂಕಿ ಹಚ್ಚೋ ವಿಡಿಯೋಗಳ ತಂಟೆಗೆ ಹೋಗಲೇಬೇಡಿ.

ಈಗ 20 ಪಿಎಸ್‌ಐ ಹಾಗೇ ನಿಂತಿದೆ. ಬಲಗಡೆ ರಿಮ್‌ಗೂ ಅದೇ ವಯಸ್ಸು, ಮಳೆಗಾಲಕ್ಕೆ ಮುಂಚೆ ಅದನ್ನೂ ಬಿಚ್ಚಬೇಕು.