ಊರಿನ ಅಂಗಡಿಯಲ್ಲಿ ಕೊಂಡ ಗುಳಿಗೆಗೆ ವಿಮೆ ಹಣ ಕೊಡುವುದಿಲ್ಲವೆನ್ನಬಹುದೇ?

ಪ್ರಶ್ನೆ (ಸಿಂಧನೂರಿನಿಂದ):
ನಮ್ಮ ತಂದೆಯವರಿಗೆ ರಾಯಚೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟೆಂಟ್ ಹಾಕಿಸಿದೆವು. ಒಳರೋಗಿಯಾಗಿದ್ದ ದಿನಗಳ ಖರ್ಚನ್ನು ವಿಮಾ ಕಂಪನಿಯವರು ತಕರಾರಿಲ್ಲದೆ ಕಟ್ಟಿದರು. ಬಿಡುಗಡೆಯಾದ ಮೇಲೆ ಸಿಂಧನೂರಿನ ಮೆಡಿಕಲ್ ಶಾಪಿನಲ್ಲಿ ಕೊಂಡ ಔಷಧಿಗಳ ₹6,840 ಬಿಲ್ಲುಗಳನ್ನು ಮಾತ್ರ, "ಆಸ್ಪತ್ರೆಯ ಔಷಧಾಲಯದ್ದಲ್ಲ" ಎಂಬ ಒಂದೇ ಸಾಲು ಬರೆದು ತಿರಸ್ಕರಿಸಿದ್ದಾರೆ. ಎರಡು ಸ್ಟ್ರಿಪ್ ಗುಳಿಗೆಗಾಗಿ 80 ಕಿಲೋಮೀಟರ್‌ಗೂ ದೂರದ ರಾಯಚೂರಿಗೆ ಬಸ್ಸು ಹತ್ತಬೇಕೆಂಬ ನಿಯಮವೇನಾದರೂ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಬಳ್ಳಾರಿಯಿಂದ):
ಪಾಲಿಸಿ ಪುಸ್ತಕದಲ್ಲಿ ಬಿಡುಗಡೆಯ ನಂತರದ ವೆಚ್ಚದ ಭಾಗವನ್ನು ಮೊದಲು ಓದಿರಿ. ಉದಾಹರಣೆಗೆ, ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಈ ವೆಚ್ಚ ಸಿಗುವ ಅವಧಿ ಬಿಡುಗಡೆಯಾದ ಮೇಲೆ 60 ದಿನ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ 29ರ ಸುತ್ತೋಲೆಯ ಪ್ರಕಾರ, ಕ್ಲೇಮನ್ನು ಪೂರ್ತಿಯಾಗಿಯಾಗಲಿ ಭಾಗಶಃವಾಗಲಿ ನಿರಾಕರಿಸಿದರೆ, ಪಾಲಿಸಿಯ ಯಾವ ಷರತ್ತಿನಡಿ ನಿರಾಕರಿಸಲಾಯಿತೆಂಬುದನ್ನು ಕಂಪನಿ ತಿಳಿಸಲೇಬೇಕು. ಆ ಷರತ್ತನ್ನು ತೋರಿಸಿರೆಂದು ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ.

ಉತ್ತರ 2 (ಕೊಪ್ಪಳದಿಂದ):
ನಾನು ಔಷಧಿ ಅಂಗಡಿ ನಡೆಸುವವನಾದ್ದರಿಂದ ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಸಂಜೆಯ ಗದ್ದಲದಲ್ಲಿ ನಾವು ಕೊಡುವ ಎಷ್ಟೋ ಬಿಲ್ಲುಗಳಲ್ಲಿ ರೋಗಿಯ ಹೆಸರಿನ ಜಾಗದಲ್ಲಿ "ಕ್ಯಾಶ್" ಎಂದಷ್ಟೇ ಇರುತ್ತದೆ, ವೈದ್ಯರ ಹೆಸರಂತೂ ಇರುವುದೇ ಇಲ್ಲ. ಅಂಥ ಚೀಟಿ ನಿಮ್ಮ ತಂದೆಯವರ ಔಷಧಿಯದ್ದೇ ಎಂದು ಕಂಪನಿ ಹೇಗೆ ನಂಬೀತು? ರೋಗಿಯ ಮತ್ತು ವೈದ್ಯರ ಹೆಸರು, ದಿನಾಂಕ, ಬ್ಯಾಚ್ ಸಂಖ್ಯೆ ಇರುವ ಬಿಲ್ಲನ್ನು ಕೇಳಿ ಪಡೆಯಿರಿ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದ ಔಷಧಿಗಳೊಂದಿಗೆ ತಾಳೆ ನೋಡಿರಿ.

ಉತ್ತರ 3 (ರಾಯಚೂರಿನಿಂದ):
ಔಷಧಿಯನ್ನು ಎಲ್ಲಿ ಕೊಳ್ಳಬೇಕೆಂಬ ಆಯ್ಕೆ ರೋಗಿಯದೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿದೆ. ಆದರೆ ಸನ್ನದು ಕಾಯ್ದೆಯಲ್ಲ. ಆಸ್ಪತ್ರೆಗಳು ತಮ್ಮದೇ ಅಂಗಡಿಯಲ್ಲಿ ಕೊಳ್ಳುವಂತೆ ಒತ್ತಾಯಿಸುವ ವಿಚಾರ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, 2025ರ ಮಾರ್ಚ್‌ನಲ್ಲಿ ನ್ಯಾಯಾಲಯವು ಕಡ್ಡಾಯ ಆದೇಶ ಹೊರಡಿಸದೆ, ನೀತಿ ರೂಪಿಸುವ ಕೆಲಸವನ್ನು ರಾಜ್ಯ ಸರ್ಕಾರಗಳಿಗೆ ಬಿಟ್ಟಿತು. ಹಾಗಾಗಿ ಸನ್ನದನ್ನು ಉಲ್ಲೇಖಿಸಿದರೂ, ದೂರಿನ ಭಾರವನ್ನೆಲ್ಲ ಪಾಲಿಸಿಯ ಷರತ್ತಿನ ಮೇಲೆಯೇ ಇಡುವುದು ಲೇಸು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಕೊಪ್ಪಳದವರು ಹೇಳಿದಂತೆ ಒಂಬತ್ತು ಬಿಲ್ಲುಗಳಲ್ಲಿ ಮೂರರಲ್ಲಿ "ಕ್ಯಾಶ್" ಎಂದೇ ಇದೆ, ಒಂದು 63ನೇ ದಿನದ್ದು. ಅದೊಂದನ್ನು ಬಿಟ್ಟು, ಉಳಿದವಕ್ಕೆ ಇಂದೇ ಕಂಪನಿಗೆ ಪತ್ರ ಬರೆಯುತ್ತೇನೆ.