‘ರೋಗ ಹರಡಿದ ಫಾರಂ’ ಅಂದರೆ ಯಾವ ಫಾರಂ?

ಬಲ್ಲವರಿಗೆ ನಮಸ್ಕಾರ.

ಹುಮನಾಬಾದ್ ಕಡೆಯ ಕೆಲವು ಕೋಳಿ ಸಾಕಣೆದಾರರು ತಮ್ಮತಮ್ಮಲ್ಲೇ ಒಂದು ಕರಾರು ಮಾಡಿಕೊಳ್ಳುತ್ತಿದ್ದಾರೆ. ಒಂದು ಶೆಡ್ಡಿನ ರೋಗ ಇನ್ನೊಂದಕ್ಕೆ ದಾಟಿದರೆ ನಷ್ಟ ಯಾರ ತಲೆಗೆ ಎಂಬುದು ಅದರ ವಿಷಯ. ಕರಡು ತಿದ್ದಲು ನನ್ನ ಕೈಗೆ ಬಂದಿದೆ. ಅದರಲ್ಲಿ ಈ ವಾಕ್ಯವಿದೆ: ‘ರೋಗ ಹರಡಿದ ಫಾರಂನ ಮಾಲೀಕರೇ ನಷ್ಟಕ್ಕೆ ಹೊಣೆ.’

ಬರೆದವರ ಮನಸ್ಸಿನಲ್ಲಿದ್ದದ್ದು ಬೇರೆಯವರಿಗೆ ರೋಗ ದಾಟಿಸಿದ ಫಾರಂ. ಓದಿದ ಒಬ್ಬರು ಕೇಳಿದ್ದು, “ನಮ್ಮ ಶೆಡ್ಡಿಗಿ ಬಿಮಾರಿ ಬಂದ್ರ ನಾವೇ ದಂಡ ತುಂಬಬೇಕೇನ್ರಿ?” ಅವರ ಓದೂ ಸರಿಯೇ. ‘ಹರಡು’ ಎರಡೂ ಕಡೆ ಸಲ್ಲುತ್ತದೆ: ಸುದ್ದಿ ತಾನೇ ಹರಡುತ್ತದೆ, ಸುದ್ದಿಯನ್ನು ಯಾರೋ ಹರಡುತ್ತಾರೆ. ‘ರೋಗ ಹರಡಿದ ಊರು’ ಅಂದರೆ ನರಳಿದ್ದು. ‘ರೋಗ ಹರಡಿದ ವ್ಯಾಪಾರಿ’ ಅಂದರೆ ನರಳಿಸಿದವ. ಫಾರಂ ಎಂಬುದು ಜಾಗವೂ ಹೌದು, ವ್ಯವಹಾರ ನಡೆಸುವ ಕರ್ತೃವೂ ಹೌದು. ಹಾಗಾಗಿ ವಾಕ್ಯ ಎರಡೂ ಕಡೆ ವಾಲುತ್ತದೆ.

ಬರೀ ವ್ಯಾಕರಣದ ತಕರಾರಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯ 2009ರ ಕೇಂದ್ರ ಕಾಯಿದೆಯಲ್ಲಿ ಮಾಲೀಕನ ಕರ್ತವ್ಯ ಸ್ಪಷ್ಟವಿದೆ. ಪಟ್ಟಿಯಲ್ಲಿರುವ ರೋಗ ತಗುಲಿದೆ ಎಂದು ನಂಬಲು ಕಾರಣವಿದ್ದರೆ ಗ್ರಾಮಾಧಿಕಾರಿಗೋ ಪಂಚಾಯಿತಿಗೋ ತಿಳಿಸಬೇಕು, ರೋಗದ ಪ್ರಾಣಿಯನ್ನು ಬೇರೆ ಇಡಬೇಕು. ಹಕ್ಕಿಜ್ವರವಾದರೆ ಸರ್ಕಾರ ಕೊಲ್ಲಿಸಿದ ಕೋಳಿಗೆ ಪರಿಹಾರವೂ ಉಂಟು. ಆದರೆ ‘ರೋಗ ಬಂದವನೇ ಹೊಣೆ’ ಎಂದು ಓದಿಕೊಂಡವನು ಯಾರಿಗೂ ತಿಳಿಸುವುದಿಲ್ಲ. ಉಳಿದ ಕೋಳಿಯನ್ನು ರಾತ್ರೋರಾತ್ರಿ ಮಾರಿ, ಸತ್ತದ್ದನ್ನು ಚೀಲ ಕಟ್ಟಿ ಹಳ್ಳಕ್ಕೆ ಎಸೆಯುತ್ತಾನೆ. ರೋಗದಿಂದ ಸತ್ತದ್ದೆಂದು ಗೊತ್ತಿದ್ದೂ ನೀರಿಗೆ ಹಾಕುವುದು ಅದೇ ಕಾಯಿದೆಯಲ್ಲಿ ಬೇರೆಯೇ ಒಂದು ಅಪರಾಧ.

ನಮ್ಮ ಕಡೆಯ ಆಡುಮಾತಿನಲ್ಲಿ ಈ ಗೊಂದಲವೇ ಇಲ್ಲ. ಬಿಮಾರಿ ‘ಹತ್ತುತ್ತದೆ’, ಇನ್ನೊಬ್ಬ ಬಿಮಾರಿ ‘ಹಚ್ಚುತ್ತಾನೆ’. ಬೆಂಕಿ ಹತ್ತುವುದಕ್ಕೂ ಹಚ್ಚುವುದಕ್ಕೂ ಇರುವ ಫರಕೇ ಇಲ್ಲಿಯೂ. ‘ರೋಗ ಹತ್ತಿದ ಫಾರಂ’, ‘ರೋಗ ಹಚ್ಚಿದ ಫಾರಂ’ ಎಂದು ಬರೆದರೆ ಯಾರು ಯಾರೆಂದು ಓದದವರಿಗೂ ತಿಳಿಯುತ್ತದೆ. ಕರಡಿಗೆ ಇದನ್ನೇ ಹಾಕೋಣ ಅಂದುಕೊಂಡೆ.

ತೊಡಕು ಬಂದದ್ದು ಇಲ್ಲಿ. ಬೆಂಕಿ ಹಚ್ಚಿದ ಅಂದರೆ ಬೇಕಂತಲೇ ಮಾಡಿದ ಎಂದಾಗುತ್ತದೆ. ರೋಗ ದಾಟುವ ಬಗೆ ಹಾಗಲ್ಲ. ಬೆಳೆದ ಕೋಳಿ ಒಯ್ಯುವ ‘ಲಿಫ್ಟಿಂಗ್’ ಲಾರಿ ಒಂದು ಶೆಡ್ಡಿನಲ್ಲಿ ಅರ್ಧ ತುಂಬಿ ಇನ್ನೊಂದಕ್ಕೆ ಬರುತ್ತದೆ, ಕ್ರೇಟಿನ ಜಾಲರಿಗೆ ಹಿಕ್ಕೆ ಒಣಗಿ ಹಿಡಿದಿರುತ್ತದೆ, ಕೋಳಿ ಹಿಡಿಯುವ ಹುಡುಗರು ಅದೇ ಚಪ್ಪಲಿಯಲ್ಲಿ ಒಳಗೆ ನುಗ್ಗುತ್ತಾರೆ. ಬಾಗಿಲಲ್ಲಿ ಕಾಲು ಅದ್ದುವ ತೊಟ್ಟಿ ಇರುತ್ತದೆ, ಔಷಧದ ನೀರು ಎಂದೋ ಇಂಗಿ ತಳದಲ್ಲಿ ಬಿಳಿ ಹಕ್ಕಳೆ ಎದ್ದಿರುತ್ತದೆ. (ಆ ತೊಟ್ಟಿಗೆ ಕರಡಿನಲ್ಲಿ ‘ಪಾದಸ್ನಾನ’ ಅಂತಿತ್ತು, ಶೆಡ್ಡಿಗೆ ಸ್ವಾಮಿಗಳು ದಯಮಾಡಿಸುವ ಹಾಗೆ. ಹೊಡೆದುಹಾಕಿದೆ. ರೋಗ ಒಳಗೆ ಬಾರದಂತೆ ಕಾಯುವ ಕ್ರಮ, ಅಂದರೆ ‘ಬಯೋಸೆಕ್ಯುರಿಟಿ’ಗೆ ‘ಜೈವಿಕ ಭದ್ರತೆ’, ‘ಜೈವಿಕ ಸುರಕ್ಷತೆ’ ಎರಡೂ ಅಚ್ಚಿನಲ್ಲಿವೆ; ಸಾಕುವವರು ಬಯೋಸೆಕ್ಯುರಿಟಿ ಅಂತಲೇ ಅನ್ನುವುದರಿಂದ ಅದನ್ನು ಮುಟ್ಟಿಲ್ಲ.)

ಬೇಕಂತ ಮಾಡಿದ್ದು, ಅಲಕ್ಷ್ಯದಿಂದ ಆದದ್ದು, ಈ ಎರಡನ್ನು ಕಾನೂನೂ ಬೇರೆ ಮಾಡುತ್ತದೆ. ಭಾರತೀಯ ನ್ಯಾಯ ಸಂಹಿತೆಯ 271ನೇ ಕಲಮು ನಿರ್ಲಕ್ಷ್ಯದ್ದು, ಆರು ತಿಂಗಳವರೆಗೆ ಸಜೆ. 272 ಕೇಡು ಬಗೆದು ಮಾಡಿದ್ದು, ಎರಡು ವರ್ಷದವರೆಗೆ. ಹಳೆಯ ದಂಡ ಸಂಹಿತೆಯಲ್ಲಿ ಇವೇ 269, 270 ಆಗಿದ್ದವು. ಎರಡೂ ಜೀವಕ್ಕೆ ಅಪಾಯದ ರೋಗದ ಮಾತು. ಮನುಷ್ಯರಿಗೂ ದಾಟಬಲ್ಲ ಹಕ್ಕಿಜ್ವರಕ್ಕೆ ಹೊಂದಬಹುದು, ಕೋಳಿಗಷ್ಟೇ ಮಾರಿಯಾದ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಹೊಂದಿಸುವುದು ಕಷ್ಟ. ಇನ್ನೊಂದು ವಿಷಯ: ಈ ಕಲಮುಗಳಿಗೆ ರೋಗ ಹರಡಿಯೇ ಇರಬೇಕೆಂದಿಲ್ಲ, ಹರಡುವ ಸಂಭವವಿರುವ ಕೆಲಸ ಮಾಡಿದರೂ ಸಾಕು. ಅಂದಮೇಲೆ ‘ಹರಡಿದ’ ಎಂಬ ಭೂತಕಾಲವೂ ಕರಾರಿಗೆ ಸಾಲದು.

ಹಾಗಾದರೆ ಅಲಕ್ಷ್ಯದಿಂದ ದಾಟಿಸಿದವನಿಗೆ ಯಾವ ಕ್ರಿಯಾಪದ? ‘ಕಾರಣರಾದವರು’ ತೀರಾ ಅಗಲ, ಶೆಡ್ಡಿನ ಮೇಲೆ ಕೂತ ಕಾಗೆಯೂ ಕಾರಣವೇ. ‘ಹಬ್ಬಲು ಬಿಟ್ಟವರು’ ಅಂದರೆ ಗೊತ್ತಿದ್ದೂ ನೋಡುತ್ತ ಕೂತರು ಎಂಬ ಧ್ವನಿ. ‘ಹಬ್ಬಗೊಟ್ಟವರು’ ನನಗೆ ಹಿಡಿಸಿದೆ, ಆದರೆ ‘ಹೋಗಗೊಡಲಿಲ್ಲ’, ‘ಮಾತಾಡಗೊಡಲಿಲ್ಲ’ ಎಂದು ಇಲ್ಲ ಎನ್ನುವಾಗಲಷ್ಟೇ ಈ ‘ಗೊಡು’ ಬಾಯಿಗೆ ಬರುತ್ತದೆ. ಹೌದು ಎನ್ನುವಾಗ ಬಳಸಿದರೆ ಶೆಡ್ಡಿನವರು ನಗಬಹುದು.

ಬೀದರ್, ಕಲಬುರಗಿ, ಯಾದಗಿರಿಯವರಿಗೆ ನನ್ನ ಪ್ರಶ್ನೆ ಇದು: ‘ಮನೀ ಮಂದಿಗೆಲ್ಲ ನೆಗಡಿ ಹಚ್ಚಿದ’ ಅನ್ನುವಾಗ ನಿಮ್ಮ ಕಿವಿಗೆ ಬೇಕಂತ ಮಾಡಿದ ಎಂಬ ಅರ್ಥ ಬರುತ್ತದೆಯೇ? ಬರುವುದಿಲ್ಲವಾದರೆ ‘ಹಚ್ಚು’ವನ್ನೇ ಇಟ್ಟು, ಮುಂದೆ ‘ಅಲಕ್ಷ್ಯದಿಂದ’ ಎಂದು ಸೇರಿಸಿದರೆ ಕರಾರು ನಿಲ್ಲುತ್ತದೆಯೇ? ಹಳೆಯ ಕರಾರು, ಪಂಚರ ತೀರ್ಮಾನದ ಕಾಗದಗಳಲ್ಲಿ ದನದ ರೋಗದ ಬಗ್ಗೆ ಬೇರೆ ಪದ ಕಂಡವರಿದ್ದರೆ ಅದನ್ನೂ ತಿಳಿಸಿ.